ಒಂದು ದೀಪ, ಎರಡು ಸ್ವಿಚ್ಚು

ಮೆಟ್ಟಿಲ ದೀಪ ನಮಗೆಲ್ಲ ಗೊತ್ತಿರೋದೇ. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಕೆಳಗೆ ಹಾಕಿ ಹತ್ತಬಹುದು, ಮೇಲೆ ಹೋಗಿ ಆರಿಸಬಹುದು. ಈಗ ಒಂದು ಸಣ್ಣ ಪ್ರಶ್ನೆ. ದೀಪವನ್ನ ನೋಡದೆ, ಬರೀ ಸ್ವಿಚ್ಚನ್ನ ಮಾತ್ರ ನೋಡಿ, ಅದು ಉರೀತಿದೆಯೋ ಇಲ್ಲವೋ ಅಂತ ಹೇಳೋಕಾಗುತ್ತಾ?

ಆಗಲ್ಲ. ನಿನ್ನೆ ಸ್ವಿಚ್ಚು ಕೆಳಗಿದ್ದಾಗ ದೀಪ ಉರೀತಿತ್ತು, ಇವತ್ತು ಅದೇ ಸ್ವಿಚ್ಚು ಕೆಳಗಿದ್ದರೂ ದೀಪ ಆರಿರಬಹುದು. ಮಾಮೂಲಿ ಸ್ವಿಚ್ಚು ಎರಡು ಕೆಲಸ ಮಾಡುತ್ತೆ. ಮೊದಲನೇದು ದೀಪ ಹತ್ತಿಸೋದು, ಆರಿಸೋದು. ಎರಡನೇದನ್ನ ನಾವು ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ: ದೀಪದ ಸ್ಥಿತಿ ಏನು ಅಂತ ಹೇಳೋದು. ಅದೇ ದೀಪಕ್ಕೆ ಎರಡನೇ ಸ್ವಿಚ್ಚು ಹಾಕಿದ ಕೂಡಲೇ ಮೊದಲನೇ ಕೆಲಸ ಸುಲಭವಾಗುತ್ತೆ, ಎರಡನೇದು ಕಳೆದುಹೋಗುತ್ತೆ.

ಮನೇಲಾದರೆ ಪರವಾಗಿಲ್ಲ, ತಲೆ ಎತ್ತಿದ್ರೆ ಬಲ್ಬು ಕಾಣುತ್ತೆ. ಆದರೆ ವಾಹನದಲ್ಲಿ ಕೂತವನಿಗೆ ತನ್ನದೇ ಹಿಂದಿನ ಕೆಂಪು ದೀಪ ಕಾಣಲ್ಲ. ಮುಂದಿನ ದೀಪದ ಬೆಳಕು ಎದುರಿನವರ ಕಣ್ಣಿಗೆ ಎಷ್ಟು ಹೊಡೀತಿದೆ ಅನ್ನೋದೂ ಕಾಣಲ್ಲ. ಹಾಗಾಗಿ ಒಂದು ದೀಪವನ್ನ ಎರಡು ಕಡೆಯಿಂದ ಆಳೋದು ಹೇಗೆ ಅನ್ನೋ ಪ್ರಶ್ನೆ ವಾಹನದ ಚರಿತ್ರೆಯಲ್ಲಿ ಬರೀ ವೈರಿಂಗಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಸುಮಾರು ನೂರು ವರ್ಷಗಳ ಈ ಕಥೆಯ ತುದಿ ನಿಮ್ಮ ಕಾರು, ಬೈಕಿನಲ್ಲೇ ಇದೆ.

ಸ್ವಿಚ್ಚೇ ಇಲ್ಲದ ಕಾಲ

ಮೊದಮೊದಲ ಕಾರುಗಳ ದೀಪಕ್ಕೆ ಸ್ವಿಚ್ಚಿರಲಿಲ್ಲ, ಬೆಂಕಿಪೊಟ್ಟಣ ಇತ್ತು. ನಮ್ಮ ಹಳೇ ಜಾತ್ರೆಗಳಲ್ಲಿ ಕಡಲೆಪುರಿ ಅಂಗಡಿಯವರು ಇಟ್ಟುಕೊಳ್ತಿದ್ದ ಕಾರ್ಬೈಡ್ ದೀಪ ನೆನಪಿಸಿಕೊಳ್ಳಿ. ಕಾರಿನ ಮುಂದೆ ಇದ್ದದ್ದೂ ಹೆಚ್ಚುಕಡಿಮೆ ಅದೇ. ಕ್ಯಾಲ್ಶಿಯಂ ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿಸಿದ್ರೆ ಅಸಿಟಿಲೀನ್ ಗ್ಯಾಸ್ ಹೊರಡುತ್ತೆ, ಅದನ್ನ ಹತ್ತಿಸಬೇಕು. ಬೆಳಕು ಜಾಸ್ತಿ ಬೇಕಾದ್ರೆ ನೀರು ಜಾಸ್ತಿ ಬಿಡಬೇಕು. ಅಮೆರಿಕದಲ್ಲಿ 1904ರಲ್ಲಿ ಕಾರ್ಲ್ ಫಿಶರ್ ಮತ್ತು ಜೇಮ್ಸ್ ಆಲಿಸನ್ ಆ ಗ್ಯಾಸನ್ನ ಸಿಲಿಂಡರಿನಲ್ಲಿ ತುಂಬಿಸಿ ಮಾರೋ ಧಂದೆ ಶುರು ಮಾಡಿದ್ರು. ಅದೇ ಪ್ರೆಸ್ಟ್-ಒ-ಲೈಟ್. ಮುಂದೆ 1909ರಲ್ಲಿ ಇಂಡಿಯಾನಾಪೊಲಿಸ್ ರೇಸ್ ಟ್ರ್ಯಾಕ್ ಕಟ್ಟಿಸಿದವರಲ್ಲೂ ಇವರಿಬ್ಬರು ಇದ್ರು.

ಕರೆಂಟಿನ ದೀಪ ಆಗ ಇರಲಿಲ್ಲ ಅಂತಲ್ಲ. 1898ರಲ್ಲೇ ಅಮೆರಿಕದ ಕೊಲಂಬಿಯಾ ಎಲೆಕ್ಟ್ರಿಕ್ ಕಾರಿನಲ್ಲಿ, ಬೇಕಾದವರಿಗೆ, ವಿದ್ಯುತ್ ಹೆಡ್‌ಲೈಟ್ ಹಾಕಿಕೊಡ್ತಿದ್ರು. ಆದರೆ ಅಂದಿನ ರಸ್ತೆಯ ಕುಲುಕಾಟಕ್ಕೆ ಬಲ್ಬಿನ ಫಿಲಮೆಂಟ್ ತಡೀತಿರಲಿಲ್ಲ. ಪೆಟ್ರೋಲ್ ಕಾರಿನಲ್ಲಿ ಸಾಕಷ್ಟು ಕರೆಂಟು ಕೊಡೋ ಪುಟ್ಟ ಡೈನಮೋ ಇರಲಿಲ್ಲ. ಇದು ಬಗೆಹರಿದದ್ದು 1912ರಲ್ಲಿ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್, ಇಗ್ನಿಷನ್, ದೀಪ ಮೂರೂ ಒಟ್ಟಿಗೇ ಬಂದವು. ಮರುವರ್ಷ ಜರ್ಮನಿಯ ಬಾಷ್ ಕಂಪನಿ ಡೈನಮೋ, ರೆಗ್ಯುಲೇಟರ್, ಬ್ಯಾಟರಿ, ಹೆಡ್‌ಲೈಟ್‌ಗಳ ಪೂರಾ ಸೆಟ್ಟನ್ನ ಬಾಷ್-ಲೈಟ್ ಹೆಸರಲ್ಲಿ ಮಾರುಕಟ್ಟೆಗೆ ತಂತು. ಬೆಂಗಳೂರಿನವರಿಗೆ ಈ ಹೆಸರು ಬೇರೆ ದಾರೀಲಿ ಪರಿಚಯ. ಆಡುಗೋಡಿಯ ಮೈಕೋ ಕಾರ್ಖಾನೆ, ಮೈಕೋ ಲೇಔಟ್ ಎಲ್ಲ ಇದೇ ಬಾಷ್ ಬಳಗದ್ದು.

ಫೋರ್ಡಿನ ಮಾಡೆಲ್ ಟಿ ಕಥೆ ಇನ್ನೂ ಮಜವಾಗಿದೆ. 1915ರಲ್ಲಿ ಅದಕ್ಕೆ ವಿದ್ಯುತ್ ಹೆಡ್‌ಲೈಟ್ ಬಂತು. ಆದರೆ ಕರೆಂಟು ಬರ್ತಿದ್ದದ್ದು ಬ್ಯಾಟರಿಯಿಂದಲ್ಲ, ಇಂಜಿನ್ ಜೊತೆ ತಿರುಗೋ ಮ್ಯಾಗ್ನೆಟೋದಿಂದ. ಇಂಜಿನ್ ಜೋರಾಗಿ ತಿರುಗಿದ್ರೆ ದೀಪ ಜೋರು, ನಿಧಾನವಾದ್ರೆ ಮಂಕು. ಅಂದ್ರೆ ಎಲ್ಲಿ ಗುಂಡಿ ಇದೆ ಅಂತ ಹುಷಾರಾಗಿ ನಿಧಾನ ಮಾಡ್ತೀರೋ ಅಲ್ಲೇ ಗುಂಡಿ ಕಾಣಲ್ಲ! ಅಪ್ಪನ ಹಳೇ ಸ್ಕೂಟರಿನ ಹಿಂದೆ ಕೂತು ರಾತ್ರಿ ಹೋದವರಿಗೆ ಇದು ಗೊತ್ತಿರುತ್ತೆ. ಹಂಪ್ ಬಂದಾಗ ಕ್ಲಚ್ ಹಿಡಿದು ಒಂದ್ಸಲ ‘ವ್ರೂಂ’ ಅನ್ನಿಸಿ, ಆ ಬೆಳಕಲ್ಲಿ ಮುಂದೇನಿದೆ ನೋಡ್ಕೊಂಡು, ಆಮೇಲೆ ದಾಟಿಸ್ತಿದ್ರು. ಲೆಕ್ಕಕ್ಕೆ ಆಕ್ಸಿಲರೇಟರು ಕೂಡ ಆ ದೀಪದ ಎರಡನೇ ಸ್ವಿಚ್ಚೇ.

ಇಳಿದು ಹೋಗಿ ಬಗ್ಗಿಸಬೇಕಿತ್ತು

ಬೆಳಕು ಬಂತು. ಬಂದದ್ದೇ ತಡ, ಎದುರಿಂದ ಬರೋರಿಗೆ ಕಣ್ಣು ಕುಕ್ಕೋಕೆ ಶುರುವಾಯ್ತು. 1915ರಲ್ಲಿ ಅಮೆರಿಕದ ಗೈಡ್ ಲ್ಯಾಂಪ್ ಕಂಪನಿ ಬಗ್ಗಿಸಬಹುದಾದ ಹೆಡ್‌ಲೈಟ್ ತಂತು. ತೊಂದರೆ ಏನಪ್ಪಾ ಅಂದ್ರೆ, ಬಗ್ಗಿಸಬೇಕಾದ್ರೆ ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ಮುಂದೆ ಹೋಗಬೇಕಿತ್ತು. ಎದುರಿನ ಗಾಡಿ ಅಷ್ಟೊತ್ತು ಕಾಯ್ತಾ ಕೂರುತ್ತಾ? 1917ರ ಕ್ಯಾಡಿಲಾಕ್‌ನಲ್ಲಿ ಒಳಗೇ ಒಂದು ಲಿವರ್ ಕೊಟ್ಟರು. ದೀಪವನ್ನ ಎರಡು ಹಂತದಲ್ಲಿ ಆಳೋ ಕೆಲಸ ಆಗ ಸೀಟಿನೊಳಗೆ ಬಂತು. ಒಂದು ಸ್ವಿಚ್ಚು ದೀಪ ಇರಬೇಕೋ ಬೇಡವೋ ಹೇಳುತ್ತೆ, ಇನ್ನೊಂದು ಅದು ಎಲ್ಲಿ ಬೀಳಬೇಕು ಹೇಳುತ್ತೆ.

ನಾವು ‘ಡಿಪ್ಪರ್’ ಅಂತೀವಲ್ಲ, ಆ ಮಾತಿನ ಮೂಲವೂ ಇಲ್ಲೇ. ಹಿಂದೆ ಇಂಗ್ಲೆಂಡಿನ ಅನೇಕ ಕಾರುಗಳಲ್ಲಿ ದೀಪ ನಿಜಕ್ಕೂ ತಲೆ ಬಗ್ಗಿಸ್ತಿತ್ತು. ಸ್ವಿಚ್ ಒತ್ತಿದ್ರೆ ಒಂದು ವಿದ್ಯುತ್ ಕಾಂತ ಎಡಗಡೆ ದೀಪದೊಳಗಿನ ಕನ್ನಡಿಯನ್ನ ಕೆಳಕ್ಕೆ ಓರೆ ಮಾಡ್ತಿತ್ತು, ಬಲಗಡೆ ದೀಪ ಪೂರ್ತಿ ಆರಿಹೋಗ್ತಿತ್ತು. ದೂರದಿಂದ ನೋಡಿದವರಿಗೆ ಬರ್ತಿರೋದು ಕಾರೋ ಒಂಟಿ ಕಣ್ಣಿನ ಬೈಕೋ ಅನ್ನೋ ಅನುಮಾನ. ಇಂಥ ದೀಪ, ಸ್ವಿಚ್ಚುಗಳಿಗೆ ಹೆಸರಾಗಿದ್ದ ಲೂಕಾಸ್ ಕಂಪನಿ ಹಿಂದೆ ಸೈಕಲ್ ದೀಪವನ್ನ ‘ಕಿಂಗ್ ಆಫ್ ದ ರೋಡ್’ ಅಂತ ಮಾರ್ತಿತ್ತು. ಕೈಕೊಡೋ ವೈರಿಂಗಿನಿಂದ ಬೇಸತ್ತ ಕಾರಿನವರು ಆಮೇಲೆ ಅದರ ಸ್ಥಾಪಕನಿಗೇ ‘ಕತ್ತಲೆಯ ರಾಜಕುಮಾರ’ ಅಂತ ಬಿರುದು ಕೊಟ್ಟು ನಕ್ಕರು.

1924ರಲ್ಲಿ ಓಸ್ರಾಮ್ ಕಂಪನಿಯ ಬೈಲಕ್ಸ್ ಬಲ್ಬು ಬಂತು. ಒಂದೇ ಗಾಜಿನೊಳಗೆ ಎರಡು ಫಿಲಮೆಂಟು: ಒಂದು ಹೈಬೀಮಿಗೆ, ಒಂದು ಲೋಬೀಮಿಗೆ. ಈಗ ಏನನ್ನೂ ಬಗ್ಗಿಸೋದು ಬೇಕಿಲ್ಲ, ಕರೆಂಟಿನ ದಾರಿ ಬದಲಾಯಿಸಿದ್ರೆ ಸಾಕು. ಇವತ್ತಿಗೂ ನಮ್ಮ ರಸ್ತೆಯಲ್ಲಿ ಕಾಣೋ, 1971ರಲ್ಲಿ ಬಂದ ಎಚ್4 ಹ್ಯಾಲೋಜನ್ ಬಲ್ಬಿನದ್ದೂ ಅದೇ ಉಪಾಯ. 60 ವಾಟಿನ ಒಂದು ಫಿಲಮೆಂಟು, 55 ವಾಟಿನ ಇನ್ನೊಂದು.

ದಾರಿ ಬದಲಾಯಿಸೋ ಸ್ವಿಚ್ಚು ಎಲ್ಲಿರಬೇಕು? ಕೈ ಸ್ಟಿಯರಿಂಗ್ ಮೇಲಿದೆ, ಗೇರ್ ಮೇಲಿದೆ. ಬಲಗಾಲಿಗೆ ಕೈತುಂಬ ಕೆಲಸ. ಎಡಗಾಲು ಮಾತ್ರ ಆಗಾಗ ಬಿಡುವಾಗಿರುತ್ತೆ. 1927ರಲ್ಲಿ ಡಿಪ್ ಸ್ವಿಚ್ಚು ನೆಲಕ್ಕೆ ಇಳೀತು. ಕಾಲಲ್ಲಿ ಒಂದ್ಸಲ ‘ಟಕ್’ ಅಂತ ಒತ್ತಿದ್ರೆ ಹೈ, ಇನ್ನೊಂದ್ಸಲ ‘ಟಕ್’ ಅಂದ್ರೆ ಲೋ. ನಮ್ಮ ಹಳೇ ಅಂಬಾಸಿಡರ್‌ಗಳಲ್ಲೂ ಕ್ಲಚ್ ಪಕ್ಕದಲ್ಲಿ ಇದೇ ಗುಂಡಿ ಇತ್ತು. ಅಮೆರಿಕದ ಕೆಲವು ಫೋರ್ಡ್ ಟ್ರಕ್ಕು, ವ್ಯಾನುಗಳಲ್ಲಿ ಅದು 1991ರ ತನಕ ಉಳಿದಿತ್ತು.

ಆದರೆ ಗಮನಿಸಿ, ಈ ಗುಂಡಿಗೆ ಸ್ಥಾನವೇ ಇಲ್ಲ. ಒತ್ತಿದ್ರೆ ಒಳಗೆ ಹೋಗಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೆ. ಹೈನಲ್ಲಿದ್ದರೂ ಹಾಗೇ, ಲೋನಲ್ಲಿದ್ದರೂ ಹಾಗೇ. ನಮ್ಮ ಮೆಟ್ಟಿಲ ದೀಪದ ಕಾಯಿಲೆ ಕಾರಿಗೂ ಅಂಟಿತು. ಸ್ವಿಚ್ಚು ಹೇಳೋದನ್ನ ನಿಲ್ಲಿಸಿದಾಗ ಹೇಳೋಕೆ ಇನ್ನೊಂದು ದೀಪ ಬೇಕಾಯ್ತು. ಅದೇ ಮೀಟರ್ ಬೋರ್ಡಿನಲ್ಲಿ ನೀವು ನೋಡೋ ಪುಟ್ಟ ನೀಲಿ ದೀಪ. ಅದು ಅಲಂಕಾರಕ್ಕಲ್ಲ. ಕಳೆದುಹೋದ ಮಾಹಿತಿಗೆ ಕಟ್ಟಿಕೊಟ್ಟ ಪರಿಹಾರ.

ನಾಲ್ಕು ಥರದ ಒಪ್ಪಂದ

ಒಂದು ದೀಪಕ್ಕೆ ಇಬ್ಬರು ಯಜಮಾನರಿದ್ದರೆ ಅವರ ನಡುವೆ ಒಂದು ಒಪ್ಪಂದ ಬೇಕು. ವಾಹನದ ವೈರಿಂಗಿನಲ್ಲಿ ಅಂಥ ಒಪ್ಪಂದ ಮುಖ್ಯವಾಗಿ ನಾಲ್ಕು ಥರ.

ಮೊದಲನೇದು, ‘ಇಬ್ಬರೂ ಒಪ್ಪಬೇಕು’. ಎಷ್ಟೋ ಕಾರುಗಳಲ್ಲಿ ಇಗ್ನಿಷನ್ ಆನ್ ಇದ್ದರೆ ಮಾತ್ರ ಹೆಡ್‌ಲೈಟ್ ಸ್ವಿಚ್ಚಿಗೆ ಬೆಲೆ. ಎರಡು ಸ್ವಿಚ್ಚುಗಳು ಒಂದರ ಹಿಂದೊಂದು ಸಾಲಾಗಿರ್ತವೆ. ಯಾವುದೇ ಒಂದು ಬೇಡ ಅಂದ್ರೂ ದೀಪ ಇಲ್ಲ. ಬ್ಯಾಟರಿ ಖಾಲಿಯಾಗದಿರೋಕೆ ಇದು ಒಳ್ಳೇದು.

ಎರಡನೇದು, ‘ಯಾರಾದ್ರೂ ಒಬ್ಬರು ಹೇಳಿದ್ರೆ ಸಾಕು’. ಕಾರಿನ ಬಾಗಿಲು ತೆಗೆದ ಕೂಡಲೇ ಹತ್ತೋ ಒಳಗಿನ ದೀಪ ಇದಕ್ಕೆ ಉದಾಹರಣೆ. ಬಾಗಿಲ ಚೌಕಟ್ಟಿನಲ್ಲಿ ಒಂದು ಪುಟ್ಟ ಗುಂಡಿ ಇರುತ್ತೆ. ಬಾಗಿಲು ಮುಚ್ಚಿದಾಗ ಒತ್ತಿಕೊಂಡಿರುತ್ತೆ, ತೆಗೆದಾಗ ಹೊರಗೆ ಬರುತ್ತೆ. ನಾಲ್ಕೂ ಗುಂಡಿಗಳು ಪಕ್ಕಪಕ್ಕದಲ್ಲಿ ಜೋಡಿಸಿರ್ತವೆ. ಯಾವ ಬಾಗಿಲು ತೆಗೆದರೂ ದೀಪ ಬರುತ್ತೆ. ಬೈಕಿನ ‘ಪಾಸ್’ ಸ್ವಿಚ್ಚೂ ಇದೇ ಜಾತಿ. ಡಿಪ್ಪರ್ ಎಲ್ಲಿದ್ದರೂ ಸರಿ, ಪಾಸ್ ಒತ್ತಿದಷ್ಟು ಹೊತ್ತು ಹೈಬೀಮಿಗೆ ಕರೆಂಟು ಹೋಗುತ್ತೆ. ಒಂದೇ ಫಿಲಮೆಂಟು, ಅದನ್ನ ಆಳೋಕೆ ಎಡಗೈಯಲ್ಲೇ ಎರಡು ಸ್ವಿಚ್ಚು. ಅದರ ಅರ್ಥ ಮಾತ್ರ ಊರಿಗೊಂದು. ಬ್ರಿಟನ್ನಿನ ರಸ್ತೆಯಲ್ಲಿ ಲೈಟ್ ಮಿಣುಕಿಸಿದ್ರೆ ಎಷ್ಟೋ ಸಲ ‘ನೀವು ಹೋಗಿ’ ಅಂತ. ನಮ್ಮಲ್ಲಿ ‘ನಾನ್ ಬರ್ತಿದೀನಿ, ನೀನ್ ಅಲ್ಲೇ ಇರು’ ಅಂತ!

ಮೂರನೇದು, ‘ದೊಡ್ಡವರು ಹೇಳಿದ್ದೇ ಕೊನೆ’. ಚಾವಣಿಯ ಆ ದೀಪದಲ್ಲೇ ಒಂದು ಮೂರು ಹಂತದ ಸ್ವಿಚ್ಚಿರುತ್ತೆ: ಆನ್, ಆಫ್, ಡೋರ್. ಡೋರ್‌ನಲ್ಲಿಟ್ಟರೆ ಬಾಗಿಲುಗಳ ಮಾತಿಗೆ ಬೆಲೆ. ಆನ್ ಅಥವಾ ಆಫ್‌ನಲ್ಲಿಟ್ಟರೆ ಬಾಗಿಲು ಏನೇ ಹೇಳಲಿ, ಕೇಳೋರಿಲ್ಲ.

ನಾಲ್ಕನೇದು ಮೆಟ್ಟಿಲ ದೀಪದ್ದು, ‘ಕೊನೆಗೆ ಮುಟ್ಟಿದವರ ಮಾತು’. ಇಲ್ಲಿ ಇಬ್ಬರೂ ಸರಿಸಮ. ಯಾರು ಸ್ವಿಚ್ ಬದಲಾಯಿಸಿದ್ರೂ ದೀಪ ಈಗಿರೋದಕ್ಕೆ ಉಲ್ಟಾ ಆಗುತ್ತೆ. ಕೇಳೋಕೆ ಪ್ರಜಾಪ್ರಭುತ್ವ, ಆದರೆ ಸ್ವಿಚ್ಚಿನ ಸ್ಥಾನಕ್ಕೆ ಅರ್ಥವೇ ಇರಲ್ಲ. ಅದಕ್ಕೇ ಹೆಡ್‌ಲೈಟಿಗೆ, ಹಿಂದಿನ ದೀಪಕ್ಕೆ ಈ ವೈರಿಂಗನ್ನ ಬಳಸೋ ರೂಢಿ ಇಲ್ಲ. ಕತ್ತಲಲ್ಲಿ ಕೈಯಿಟ್ಟಾಗ ಡ್ರೈವರಿಗೆ ‘ಆನ್ ಇದೆ’ ಅಂತ ಬೆರಳಿಗೇ ಗೊತ್ತಾಗಬೇಕು. ಕ್ಯಾಂಪರ್ ವ್ಯಾನಿನಂಥ ಕಡೆ ಮಾತ್ರ ಇದು ಹೇಳಿ ಮಾಡಿಸಿದ್ದು. ಬಾಗಿಲ ಹತ್ರ ಹಾಕಿ ಒಳಗೆ ಹೋಗಿ ಮಲಗಿದಲ್ಲೇ ಆರಿಸಬಹುದು.

ಮನೇಲಿ ಬೇಡವಾದದ್ದು ಕಾರಿಗೆ

ಇತ್ತೀಚೆಗೆ ವ್ಯಾನುಗಳನ್ನ ಮನೆ ಥರ ಮಾಡಿಸಿಕೊಂಡು ಊರೂರು ಸುತ್ತೋ ಗೆಳೆಯರು ಜಾಸ್ತಿ ಆಗಿದಾರಲ್ಲ, ಅವರಿಗೋಸ್ಕರ ಈ ವೈರಿಂಗನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬೇಕಾಗಿರೋದು ಎರಡು ಟೂ-ವೇ ಸ್ವಿಚ್ಚು. ಪ್ರತಿಯೊಂದರಲ್ಲೂ ಮೂರು ತಿರುಪುಗಳು: ಒಂದು ಕಾಮನ್, ಉಳಿದೆರಡು ದಾರಿಗಳು. (ಇದನ್ನೇ ಅಮೆರಿಕದವರು ತ್ರೀ-ವೇ ಅಂತಾರೆ. ಬ್ರಿಟಿಷರು ದಾರಿ ಎಣಿಸಿದ್ರು, ಅವರು ತಿರುಪು ಎಣಿಸಿದ್ರು. ನಮ್ಮ ಎಲೆಕ್ಟ್ರಿಷಿಯನ್ನರು ಬ್ರಿಟಿಷರ ಕಡೆ.) ಬ್ಯಾಟರಿ ಪ್ಲಸ್ಸಿನಿಂದ ಹೊರಟ ವೈರು, ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್ ದಾಟಿ, ಮೊದಲ ಸ್ವಿಚ್ಚಿನ ಕಾಮನ್‌ಗೆ ಹೋಗುತ್ತೆ. ಅದರ ಎರಡು ದಾರಿಗಳು ಎರಡನೇ ಸ್ವಿಚ್ಚಿನ ಎರಡು ದಾರಿಗಳಿಗೆ. ಎರಡನೇದರ ಕಾಮನ್ ದೀಪಕ್ಕೆ. ದೀಪದ ಇನ್ನೊಂದು ತುದಿ ಗಾಡಿಯ ಬಾಡಿಗೆ. ಎರಡೂ ಸ್ವಿಚ್ಚುಗಳು ಒಂದೇ ದಾರಿ ಹಿಡಿದಿದ್ರೆ ದೀಪ ಉರಿಯುತ್ತೆ, ಬೇರೆ ಬೇರೆ ಹಿಡಿದಿದ್ರೆ ಆರುತ್ತೆ.

ಮನೆಗೂ ಗಾಡಿಗೂ ಇರೋ ದೊಡ್ಡ ವ್ಯತ್ಯಾಸ ಆ ಕೊನೇ ಸಾಲಿನಲ್ಲಿದೆ. ಗಾಡಿಯಲ್ಲಿ ವಾಪಸ್ ಬರೋ ವೈರು ಸಾಮಾನ್ಯವಾಗಿ ಇರಲ್ಲ, ಕಬ್ಬಿಣದ ಬಾಡಿಯೇ ಆ ವೈರು. ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟೂ ಮಂಕಾಗಿ ಮಿಣುಕೋ ಗಾಡಿಗಳನ್ನ ನೋಡಿರ್ತೀರಿ. ಮೆಕ್ಯಾನಿಕ್ ನೋಡಿದ ಕೂಡಲೇ ‘ಅರ್ಥ್ ಸರಿ ಇಲ್ಲ ಸಾರ್’ ಅಂತಾನೆ. ಎಷ್ಟೋ ಸಲ ಅವನು ಹೇಳೋದು ನಿಜ. ಬಾಡಿಗೆ ಹೋಗೋ ದಾರಿ ತುಕ್ಕು ಹಿಡಿದಾಗ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಹುಡುಕಿಕೊಳ್ಳುತ್ತೆ.

ಅಮೆರಿಕದ ಮನೆಗಳಲ್ಲಿ ಹಿಂದೆ ಇನ್ನೊಂದು ಥರದ ಮೆಟ್ಟಿಲ ವೈರಿಂಗೂ ಇತ್ತು. ಅದಕ್ಕೆ ಕಾರ್ಟರ್ ಪದ್ಧತಿ ಅಂತಾರೆ. ಅದರಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಎರಡೂ ಸ್ವಿಚ್ಚಿಗೆ ಒಯ್ದು, ದೀಪವನ್ನ ಎರಡು ಕಾಮನ್‌ಗಳ ನಡುವೆ ಕಟ್ತಿದ್ರು. ದೀಪದ ಎರಡು ತುದಿಗೂ ಬೇರೆ ಬೇರೆ ಸಿಕ್ಕರೆ ಉರಿಯುತ್ತೆ, ಎರಡಕ್ಕೂ ಒಂದೇ ಸಿಕ್ಕರೆ ಆರುತ್ತೆ. ಲೆಕ್ಕ ಸರಿಯಾಗೇ ಇದೆ. ಆದರೆ ಎರಡಕ್ಕೂ ಫೇಸ್ ಸಿಕ್ಕಿ ಆರಿದ್ದಾಗ ಹೋಲ್ಡರಿನ ಒಳಗೆಲ್ಲ ಕರೆಂಟು! ದೀಪ ಆರಿದೆ ಅಂತ ಬಲ್ಬು ಬದಲಾಯಿಸೋಕೆ ಹೋದವರ ಗತಿ? 1923ರಿಂದ ಅಮೆರಿಕದ ವಿದ್ಯುತ್ ನಿಯಮಾವಳಿ ಇದನ್ನ ನಿಷೇಧಿಸಿತು. ಇಲ್ಲೂ ರೋಗ ಅದೇ ನೋಡಿ. ಆರಿದ ದೀಪ ‘ಸುರಕ್ಷಿತ’ ಅಂತ ಹೇಳ್ತಿತ್ತು, ಆದರೆ ಅದು ಹೇಳ್ತಿದ್ದದ್ದು ಸುಳ್ಳು.

ಕಾರಿನ 12 ವೋಲ್ಟ್ ಯಾರನ್ನೂ ಹಾಗೆ ಹೊಡೆಯಲ್ಲ. ಹಾಗಾಗಿ ಮನೆಯಿಂದ ಹೊರಹಾಕಿದ ಆ ಉಪಾಯ ಕಾರಿನ ಬಾಗಿಲಲ್ಲಿ ಆರಾಮಾಗಿ ಕೂತಿದೆ. ಪವರ್ ವಿಂಡೋ ಗಾಜನ್ನ ಡ್ರೈವರೂ ಏರಿಸಬಹುದು, ಪಕ್ಕದವರೂ ಏರಿಸಬಹುದು. ಮೋಟಾರಿನ ಎರಡು ತುದಿಗೂ ಸುಮ್ಮನಿದ್ದಾಗ ಒಂದೇ, ಅಂದ್ರೆ ಅರ್ಥ್. ಒತ್ತಿದಾಗ ಒಂದು ತುದಿಗೆ ಪ್ಲಸ್. ಇನ್ನೊಂದು ಕಡೆ ಒತ್ತಿದ್ರೆ ಇನ್ನೊಂದು ತುದಿಗೆ ಪ್ಲಸ್, ಮೋಟಾರು ಉಲ್ಟಾ ತಿರುಗುತ್ತೆ. ದೀಪಕ್ಕೆ ಮಾತ್ರ ಈಗ ಈ ಪದ್ಧತಿ ಆಗಲ್ಲ. ಹಳೇ ಫಿಲಮೆಂಟಿಗೆ ಪ್ಲಸ್ ಯಾವ ಕಡೆಯಿಂದ ಬಂದರೂ ಒಂದೇ. ಎಲ್‌ಇಡಿಗೆ ಹಾಗಲ್ಲ, ಉಲ್ಟಾ ಕೊಟ್ಟರೆ ಉರಿಯಲ್ಲ. ನಾಲ್ಕರಲ್ಲಿ ಎರಡು ಸ್ಥಿತಿಯಲ್ಲಿ ಹತ್ತಬೇಕಾದದ್ದು ಒಂದರಲ್ಲಿ ಮಾತ್ರ ಹತ್ತುತ್ತೆ.

ಇನ್ನೊಂದು ಕಿವಿಮಾತು. ಮನೆಯ ಸ್ವಿಚ್ಚನ್ನ ಕಣ್ಣುಮುಚ್ಚಿ ಗಾಡಿಗೆ ಹಾಕಬೇಡಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತೆ, ಆಗ ಸ್ವಿಚ್ಚಿನ ಒಳಗಿನ ಕಿಡಿ ತಾನಾಗೇ ಸಾಯುತ್ತೆ. ಬ್ಯಾಟರಿಯ ಡಿಸಿ ಸೊನ್ನೆ ಮುಟ್ಟೋದೇ ಇಲ್ಲ. 1880ರ ದಶಕದಲ್ಲಿ ಮನೆಗಳಿಗೂ ಡಿಸಿ ಇದ್ದಾಗ ಇದೇ ಕಿಡಿ ಸ್ವಿಚ್ಚುಗಳನ್ನ ತಿಂತಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಸ್ಪ್ರಿಂಗಿನಿಂದ ಫಟ್ಟನೆ ಬಿಟ್ಟುಕೊಳ್ಳೋ ಸ್ವಿಚ್ಚು ಮಾಡಿದ್ದು ಅದಕ್ಕೇ. ನೀವು ಕೇಳೋ ‘ಟಿಕ್’ ಸದ್ದಿನ ಅಜ್ಜ ಅವನು. ಡಿಸಿಗೆ ಇಷ್ಟು ವೋಲ್ಟ್, ಇಷ್ಟು ಆಂಪಿಯರ್ ಅಂತ ಬರೆದಿರೋ ಸ್ವಿಚ್ಚನ್ನೇ ತಗೊಳ್ಳಿ.

ಮೆಟ್ಟಿಲ ದೀಪದ ಗಣಿತ

ನಿಮ್ಮಲ್ಲಿ ಕೋಡ್ ಬರೆಯೋರು ಇಷ್ಟೊತ್ತಿಗೆ ಕಂಡುಹಿಡಿದಿರ್ತೀರಿ. ನಾಲ್ಕು ಒಪ್ಪಂದಗಳಲ್ಲಿ ಮೊದಲನೇದು ಆಂಡ್, ಎರಡನೇದು ಆರ್, ನಾಲ್ಕನೇದು ಎಕ್ಸ್‌-ಆರ್. ಈ ನಂಟು ಕಾಕತಾಳೀಯ ಅಲ್ಲ. 1937ರಲ್ಲಿ ಎಂಐಟಿಯ 21 ವರ್ಷದ ವಿದ್ಯಾರ್ಥಿ ಕ್ಲಾಡ್ ಶಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ, ರಿಲೇ ಮತ್ತು ಸ್ವಿಚ್ಚುಗಳ ಸರ್ಕ್ಯೂಟನ್ನ ಜಾರ್ಜ್ ಬೂಲ್‌ನ ಬೀಜಗಣಿತದಲ್ಲಿ ಬರೆಯಬಹುದು ಅಂತ ತೋರಿಸಿದ. ಅದರಲ್ಲಿ ಎಷ್ಟು ಕಡೆಯಿಂದ ಬೇಕಾದರೂ ಆಳಬಹುದಾದ ದೀಪದ ಮಾತೂ ಬರುತ್ತೆ. ಸ್ವಿಚ್ಚುಗಳನ್ನ ಬರೀ ಸಾಲಾಗಿ, ಪಕ್ಕಪಕ್ಕದಲ್ಲಿ ಜೋಡಿಸಿ ಸರ್ಕ್ಯೂಟು ಕಟ್ಟೋದಾದ್ರೆ, ಎಲ್ಲಕ್ಕಿಂತ ಜಾಸ್ತಿ ಕಾಂಟ್ಯಾಕ್ಟುಗಳನ್ನ ಬೇಡೋದು ಇದೇ ಒಪ್ಪಂದ ಅಂತ ಅವನು ಸಾಧಿಸಿದ. ಎಲ್ಲರಿಗೂ ಸಮಾನ ಅಧಿಕಾರ ಕೊಡೋದಕ್ಕೇ ಅತಿ ಹೆಚ್ಚು ಖರ್ಚು! ನಿಮ್ಮ ಫೋನಿನೊಳಗೆ ಎರಡು ಅಂಕಿ ಕೂಡಿಸೋ ಸರ್ಕ್ಯೂಟಿನಲ್ಲೂ ಇದೇ ಮೆಟ್ಟಿಲ ದೀಪ ಕೂತಿದೆ.

ಸ್ವಿಚ್ಚು ಅರ್ಜಿಯಾದಾಗ

ವಾಹನಕ್ಕೆ ವಾಪಸ್ ಬರೋಣ. ಎರಡು ಹೆಡ್‌ಲೈಟಿನ ಹೈಬೀಮ್ ಸೇರಿ 120 ವಾಟ್, ಅಂದ್ರೆ 12 ವೋಲ್ಟಿನಲ್ಲಿ 10 ಆಂಪಿಯರ್. ಸ್ಟಿಯರಿಂಗ್ ಪಕ್ಕದ ನಾಜೂಕು ಕಡ್ಡಿಯಲ್ಲಿ ಅಷ್ಟು ಕರೆಂಟು ಹರಿಸಿದ್ರೆ ಅದರ ಕಾಂಟ್ಯಾಕ್ಟು ನಿಧಾನಕ್ಕೆ ಸುಟ್ಟುಹೋಗುತ್ತೆ. ಅದಕ್ಕೇ ನಡುವೆ ರಿಲೇ ಹಾಕ್ತಾರೆ. 0.2 ಆಂಪಿಯರ್ ಆಸುಪಾಸಿನ ಸಣ್ಣ ಕರೆಂಟು ರಿಲೇಯ ಸುರುಳಿಗೆ ಹೋಗುತ್ತೆ, ರಿಲೇ ದೊಡ್ಡ ಕರೆಂಟನ್ನ ಬಿಡುತ್ತೆ. ಇದರಿಂದ ಸ್ವಿಚ್ಚಿನ ಸ್ವಭಾವವೇ ಬದಲಾಯ್ತು. ಅದು ಈಗ ದೀಪ ಹತ್ತಿಸೋದಿಲ್ಲ, ‘ಹತ್ತಿಸಪ್ಪಾ’ ಅಂತ ರಿಲೇಗೆ ಹೇಳುತ್ತೆ ಅಷ್ಟೇ. ಹೇಳೋರು ಎರಡಾಗಲಿ, ಹತ್ತಾಗಲಿ, ರಿಲೇಗೆ ಬೇಜಾರಿಲ್ಲ.

ಮುಂದಿನ ಹೆಜ್ಜೆ ಇಟ್ಟದ್ದು ಮತ್ತೆ ಬಾಷ್. 1983ರಲ್ಲಿ ಶುರು ಮಾಡಿ 1986ರಲ್ಲಿ ಅವರು ಪ್ರಕಟಿಸಿದ ಕ್ಯಾನ್ ಬಸ್ ಅನ್ನೋ ವ್ಯವಸ್ಥೆಯಲ್ಲಿ, ಗಾಡಿಯೊಳಗಿನ ಪುಟ್ಟ ಕಂಪ್ಯೂಟರುಗಳು ಒಂದೇ ಜೋಡಿ ವೈರಿನ ಮೇಲೆ ಮಾತಾಡಿಕೊಳ್ತವೆ. ಈಗ ಸ್ವಿಚ್ಚು ಒಂದು ಅರ್ಜಿ. ಬಾಗಿಲಿಂದ ಒಂದು ಅರ್ಜಿ, ಕೀಲಿಯಿಂದ ಒಂದು, ಗಾಜಿನ ಹತ್ರ ಕೂತ ಬೆಳಕಿನ ಸೆನ್ಸರಿನಿಂದ ಇನ್ನೊಂದು. ಯಾರ ಮಾತಿಗೆ ಎಷ್ಟು ಬೆಲೆ ಅನ್ನೋದನ್ನ ಒಂದು ಸಾಫ್ಟ್‌ವೇರ್ ತೀರ್ಮಾನ ಮಾಡುತ್ತೆ.

ಸೆನ್ಸರ್ ಹೊಸದೇನಲ್ಲ. 1952ರಲ್ಲೇ ಜನರಲ್ ಮೋಟರ್ಸ್‌ನವರು ಆಟ್ರಾನಿಕ್ ಐ ಅಂತ ಒಂದು ವಿದ್ಯುತ್ ಕಣ್ಣನ್ನ ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿದ್ರು. ಎದುರಿನ ಬೆಳಕು ಕಂಡ ಕೂಡಲೇ ಅದೇ ಡಿಪ್ ಮಾಡ್ತಿತ್ತು. ಆದರೆ ಡ್ರೈವರಿನ ಕಾಲ ಕೆಳಗಿನ ಸ್ವಿಚ್ಚನ್ನ ಅವರು ಕಿತ್ತುಹಾಕಲಿಲ್ಲ. ಯಂತ್ರ ಒಬ್ಬ ಯಜಮಾನ, ಮನುಷ್ಯ ಇನ್ನೊಬ್ಬ, ಕೊನೇ ಮಾತು ಮನುಷ್ಯನದ್ದು ಅನ್ನೋ ಒಪ್ಪಂದ ಅದು.

ಆ ಒಪ್ಪಂದ ಈಗ ಸಡಿಲಾಗ್ತಿದೆ. ಸ್ವೀಡನ್ 1977ರಲ್ಲಿ ಹಗಲಲ್ಲೂ ದೀಪ ಹಾಕಿ ಓಡಿಸಬೇಕು ಅಂತ ಕಾನೂನು ಮಾಡ್ತು. ಕೆನಡಾ 1989ರ ಡಿಸೆಂಬರಿನಿಂದ, ಯುರೋಪಿನ ಒಕ್ಕೂಟ 2011ರಿಂದ ಹೊಸ ಕಾರುಗಳಿಗೆ ತಾನಾಗೇ ಉರಿಯೋ ಹಗಲುದೀಪ ಕಡ್ಡಾಯ ಮಾಡಿದವು. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಆಟೋಮ್ಯಾಟಿಕ್ ಹೆಡ್‌ಲ್ಯಾಂಪ್ ಆನ್. ಇಂಜಿನ್ ಚಾಲೂ ಆದ್ರೆ ದೀಪವೂ ಚಾಲೂ, ಆರಿಸೋ ಸ್ವಿಚ್ಚೇ ಇಲ್ಲ. ‘ಲೈಟ್ ಆಫ್ ಮಾಡಿ’ ಅಂತ ಹಗಲಲ್ಲಿ ಎದುರಿನವರು ಕೈ ಬೆರಳು ಮಡಚಿ ಬಿಚ್ಚಿ ಸನ್ನೆ ಮಾಡ್ತಿದ್ರಲ್ಲ, ಆ ಸನ್ನೆಗೆ ಈಗ ಕೆಲಸವಿಲ್ಲ. ಕಾರಿನ ಜಂಗುಳಿಯಲ್ಲಿ ಬೈಕು ಕಣ್ಣಿಗೆ ಬೀಳಲಿ ಅನ್ನೋದು ಉದ್ದೇಶ, ಒಳ್ಳೇ ಉದ್ದೇಶವೇ. ಬೈಕಿನಲ್ಲಿ ಮುಂದಿನ ದೀಪದ ಜೊತೆ ಹಿಂದಿನದ್ದೂ ಉರಿಯುತ್ತೆ.

ಕಾರಿನ ಹಗಲುದೀಪಗಳಲ್ಲಿ ಮಾತ್ರ ಒಂದು ಕೊಕ್ಕೆ ಉಳೀತು. ಎಷ್ಟೋ ಕಾರುಗಳಲ್ಲಿ ಅದು ಮುಂದೆ ಮಾತ್ರ ಉರಿಯುತ್ತೆ, ಹಿಂದಿನ ದೀಪ ಆರಿರುತ್ತೆ. ಹಿಂದೆಲ್ಲ ಹೆಡ್‌ಲೈಟ್ ಹಾಕದಿದ್ರೆ ಮೀಟರ್ ಬೋರ್ಡೂ ಕತ್ತಲು. ‘ಓ, ಲೈಟ್ ಹಾಕಿಲ್ಲ’ ಅಂತ ಅದೇ ನೆನಪಿಸ್ತಿತ್ತು. ಈಗಿನ ಡಿಜಿಟಲ್ ಡ್ಯಾಶ್‌ಬೋರ್ಡು ಹಗಲೂ ರಾತ್ರಿ ಝಗಮಗ. ಸಂಜೆ ಏಳಕ್ಕೆ ಔಟರ್ ರಿಂಗ್ ರೋಡಿನಲ್ಲಿ ಮುಂದೆ ಹಗಲುದೀಪದ ಬೆಳಕು, ಬೀದಿದೀಪದ ಬೆಳಕು, ಎದುರಿಗೆ ಉರಿಯೋ ಪರದೆ. ಡ್ರೈವರಿಗೆ ಎಲ್ಲ ಸರಿಯಾಗಿದೆ ಅನ್ಸುತ್ತೆ. ಹಿಂದಿನವನಿಗೆ ಮಾತ್ರ ಆ ಕಾರು ಕಾಣಲ್ಲ. ಇಂಥ ಗಾಡಿಗಳಿಗೆ ಕೆನಡಾದಲ್ಲಿ ‘ಭೂತದ ಗಾಡಿ’ ಅನ್ನೋ ಅರ್ಥದ ಹೆಸರೇ ಬಿತ್ತು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಗಾಡಿಗಳಿಗೆ ನಿಯಮ ತಂದರು. ಒಂದೋ ಹಗಲುದೀಪದ ಜೊತೆ ಹಿಂದಿನ ದೀಪವೂ ಉರಿಯಬೇಕು, ಇಲ್ಲ ಕತ್ತಲಾದಾಗ ಎಲ್ಲ ದೀಪಗಳೂ ತಾವಾಗೇ ಹತ್ತಬೇಕು, ಅದೂ ಇಲ್ಲ ಅಂದ್ರೆ ಡ್ಯಾಶ್‌ಬೋರ್ಡು ಕತ್ತಲಾಗಿಯೇ ಇರಬೇಕು.

ಆ ಮೂರನೇ ಆಯ್ಕೆಯನ್ನ ಇನ್ನೊಂದ್ಸಲ ಓದಿ. ಡ್ರೈವರಿಗೆ ಗೊತ್ತಾಗಲಿ ಅಂತ ಬೇಕಂತಲೇ ಕತ್ತಲು! 1927ರಲ್ಲಿ ಕಾಲಗುಂಡಿ ಬಂದಾಗ ಎದ್ದ ಪ್ರಶ್ನೆಯೇ ಇದು. ದೀಪವನ್ನ ಆಳೋರು ಎಷ್ಟು ಜನರಾದರೂ ಇರಲಿ, ಮನುಷ್ಯನೋ ಬಾಗಿಲೋ ಸೆನ್ಸರೋ. ದೀಪ ಈಗ ಯಾವ ಸ್ಥಿತಿಯಲ್ಲಿದೆ ಅಂತ ಡ್ರೈವರಿಗೆ ಹೇಳೋರು ಒಬ್ಬರಾದರೂ ಇರಲೇಬೇಕು.

ನಿಮ್ಮ ಕಾರಿನಲ್ಲಿ ಆ ಒಬ್ಬರು ಯಾರು ಅಂತ ಇವತ್ತು ಸಂಜೆಯೇ ನೋಡಬಹುದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಗಾಡಿ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಲೈಟಿನ ಸ್ವಿಚ್ಚನ್ನ ನೀವು ದಿನಾ ಬಿಡೋ ಜಾಗದಲ್ಲೇ ಬಿಟ್ಟು, ಇಳಿದು ಒಂದು ಸುತ್ತು ಹಾಕಿ. ಹಿಂದೆ ಎರಡು ಕೆಂಪು ದೀಪ ಉರೀತಿವೆಯಾ ನೋಡಿ. ಆಮೇಲೆ ಗೋಡೆಯ ಮೇಲೆ ನಿಮ್ಮ ಹೆಡ್‌ಲೈಟಿನ ಬೆಳಕು ಎಷ್ಟು ಎತ್ತರಕ್ಕೆ ಬಿದ್ದಿದೆ ನೋಡಿ, ಒಳಗೆ ಆ ನೀಲಿ ದೀಪ ಹತ್ತಿದೆಯಾ ನೋಡಿ. ಹತ್ತಿದ್ರೆ ಹೊರಡೋ ಮುಂಚೆ ಒಂದ್ಸಲ ಡಿಪ್ ಮಾಡ್ಬಿಡಿ.